ಸೂರಿನ ಕೆಳಗಿನ ಕಣ

(ಮೈಸೂರಿನಲ್ಲಿ ವಾಸ್ತುಶಿಲ್ಪದ ವಿದ್ಯಾರ್ಥಿಗಳು ಮತ್ತು ಆಸಕ್ತರ ಮುಂದೆ ಇಂಗ್ಲೆಂಡಿನ ಹಳೆಯ ಒಕ್ಕಲು ಕಟ್ಟಡಗಳ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಚಿತ್ರ ತೋರಿಸುತ್ತ ಹೇಳಿದ ಕಡೆಗಳಲ್ಲಿ ಸ್ವಲ್ಪ ವಿವರಣೆ ಸೇರಿಸಿದ್ದೇನೆ.)

ಬೆಂಗಳೂರಿನಿಂದ ನೇರ ಲಂಡನ್ನಿಗೆ ಹಾರುವವರು ಇಳಿಯುವುದು ಹೆಚ್ಚಾಗಿ ಹೀಥ್ರೂನಲ್ಲಿ. ಇಳಿದವರೆಲ್ಲ ಪೆಟ್ಟಿಗೆ ಎಳೆದುಕೊಂಡು ನಗರದ ಕಡೆ ಹೊರಟುಬಿಡುತ್ತಾರೆ. ನಿಲ್ದಾಣದ ಉತ್ತರದ ಬೇಲಿಯಾಚೆ, ಮೂರು ಕಿಲೋಮೀಟರ್ ಒಳಗೇ, ಹಾರ್ಮಂಡ್ಸ್‌ವರ್ತ್ ಎಂಬ ಹಳ್ಳಿಯಿದೆ. ಅಲ್ಲಿನ ಚರ್ಚಿನ ಪಕ್ಕದ ದಾರಿ ಹಿಡಿದು ಹೋದರೆ ಕಪ್ಪು ಹಲಗೆ ಹೊಡೆದ ಗೋಡೆಗಳ, ನೆಲದ ಹತ್ತಿರದವರೆಗೂ ಹೆಂಚಿನ ಸೂರು ಇಳಿಬಿಟ್ಟ ಒಂದು ಉದ್ದನೆಯ ಕಟ್ಟಡ ಎದುರಾಗುತ್ತದೆ. ಹೊರಗಿನಿಂದ ನೋಡಿದರೆ ದೊಡ್ಡದೊಂದು ಗೋದಾಮು, ಅಷ್ಟೇ. ಬಾಗಿಲು ದಾಟಿ ಒಳಗೆ ಹೋದವರು ಮಾತ್ರ ಒಂದು ಕ್ಷಣ ಮಾತು ನಿಲ್ಲಿಸುತ್ತಾರೆ.

192 ಅಡಿ ಉದ್ದ, 37 ಅಡಿ ಅಗಲ, 39 ಅಡಿ ಎತ್ತರ. ಕಣ್ಣು ಹಾಯುವಷ್ಟೂ ಓಕ್ ಮರದ ಕಂಬಗಳು, ಒಂದೊಂದೂ ಸುಮಾರು 14 ಅಂಗುಲ ಚೌಕ. ನಡುವೆ ಎತ್ತರದ ಹಾದಿ, ಎರಡೂ ಮಗ್ಗುಲಲ್ಲಿ ಸೂರು ಇಳಿದುಬಂದಲ್ಲಿ ಪಡಸಾಲೆಯಂಥ ಜಾಗ. ಒಂದು ಜೋಡಿ ಕಂಬದಿಂದ ಮುಂದಿನ ಜೋಡಿಯವರೆಗಿನ ಒಂದೊಂದು ಖಾನೆಗೆ ನಮ್ಮಲ್ಲಿ ಸೊಗಸಾದ ಹೆಸರಿದೆ: ಅಂಕಣ. ಹಳ್ಳಿಯಲ್ಲಿ ಮನೆಯ ಅಳತೆ ಹೇಳುವಾಗ ಇಂದಿಗೂ ಇಷ್ಟು ಅಂಕಣದ ಮನೆ ಎನ್ನುತ್ತೇವೆ. ಇಂಗ್ಲೆಂಡಿನ ಬಡಗಿಯೂ ಹಾಗೆಯೇ ಎಣಿಸುತ್ತಿದ್ದ. ಆ ಲೆಕ್ಕದಲ್ಲಿ ಇದು ಹನ್ನೆರಡು ಅಂಕಣದ್ದು. ವಿಂಚೆಸ್ಟರ್ ಕಾಲೇಜು ಎಂಬ ವಿದ್ಯಾಸಂಸ್ಥೆ ತನ್ನ ಜಮೀನಿನ ಫಸಲು ಇಡಲು 1425ರಿಂದ 1427ರ ಸುಮಾರಿಗೆ ಕಟ್ಟಿಸಿತು. ಮರದಲ್ಲಿ ಬಹುಪಾಲು ಆಗ ನಿಲ್ಲಿಸಿದ್ದೇ, ಆರುನೂರು ವರ್ಷದಿಂದ ಅಲ್ಲೇ ನಿಂತಿದೆ.

ಕವಿ ಜಾನ್ ಬೆಚಮನ್ ಇದನ್ನು ಮಿಡ್ಲ್‌ಸೆಕ್ಸ್‌ನ ಕ್ಯಾಥೆಡ್ರಲ್ ಎಂದು ಕರೆದರು. ಮಿಡ್ಲ್‌ಸೆಕ್ಸ್ ಆ ಸೀಮೆಯ ಹಳೆಯ ಹೆಸರು, ಕ್ಯಾಥೆಡ್ರಲ್ ಅಂದರೆ ಬಿಷಪ್ಪರ ದೊಡ್ಡ ಚರ್ಚು. ಮೆಚ್ಚುಗೆಯಿಂದ ಹೇಳಿದ ಮಾತು, ಎಲ್ಲ ಬರಹಗಳಲ್ಲೂ ಮರಳಿ ಮರಳಿ ಬರುತ್ತದೆ. ನನಗೆ ಅದರಲ್ಲಿ ಒಂದು ತಕರಾರಿದೆ. ಕ್ಯಾಥೆಡ್ರಲ್ ಕಟ್ಟುವುದು ಒಳಗೆ ಬಂದವರು ತಲೆಯೆತ್ತಿ ನೋಡಲಿ ಎಂದು. ಈ ಕಟ್ಟಡದಲ್ಲಿ ತಲೆಯೆತ್ತಿದರೆ ಏನು ಕಾಣುತ್ತಿತ್ತು? ಸುಗ್ಗಿ ಮುಗಿದ ಅಕ್ಟೋಬರಿನಲ್ಲಿ ಬಂದಿದ್ದರೆ ಕಂಬಗಳೇ ಕಾಣುತ್ತಿರಲಿಲ್ಲ. ನೆಲದಿಂದ ತೊಲೆಯವರೆಗೆ, ತೊಲೆಯಿಂದ ಜಂತೆಯವರೆಗೆ ಗೋಧಿಯ ಸಿವುಡು ತುಂಬಿರುತ್ತಿತ್ತು. ನಾವು ಇವತ್ತು ಬೆರಗಾಗುವ ಆ ಖಾಲಿ ಜಾಗ ಅದನ್ನು ಬಳಸಿದವರಿಗೆ ಕಾಣುತ್ತಿದ್ದುದು ಹೊಸ ಫಸಲಿಗೆ ಮುಂಚಿನ ಕೆಲವು ವಾರ ಮಾತ್ರ. ಅವರ ಪಾಲಿಗೆ ಅದು ತುಂಬಬೇಕಾದ ಜಾಗ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಇಂಗ್ಲೆಂಡಿನ ಹಳೆಯ ಒಕ್ಕಲು ಕಟ್ಟಡಗಳು ತಾವಾಗಿಯೇ ಅರ್ಥ ಬಿಟ್ಟುಕೊಡುತ್ತವೆ. ಅಲ್ಲಿ ಪ್ರತಿಯೊಂದು ಗೋಡೆಗೂ ಬಾಗಿಲಿಗೂ ತೂತಿಗೂ ಹಿಂದೆ ಒಂದು ಕೆಲಸವಿದೆ.

ಈಗ ಶಬ್ದದ ವಿಷಯ. ಇಂಥ ಕಟ್ಟಡವನ್ನು ನಾನು ಇಂಗ್ಲಿಷಿನ ಬಾರ್ನ್ ಎಂಬ ಹೆಸರಿನಿಂದಲೇ ಕರೆಯುತ್ತೇನೆ. ನಿಘಂಟುಗಳಲ್ಲಿ ಕಣಜ, ಕೊಟ್ಟಿಗೆ ಎಂದೆಲ್ಲ ಸಿಗುತ್ತದೆ, ಯಾವುದೂ ಸರಿಯಾಗಿ ಕೂರುವುದಿಲ್ಲ. ಕಣಜದಲ್ಲಿ ಇಡುವುದು ತೂರಿ ಹಸನು ಮಾಡಿದ ಕಾಳು. ಕೊಟ್ಟಿಗೆಯಲ್ಲಿ ಕಟ್ಟುವುದು ದನ. ಬಾರ್ನ್‌ನಲ್ಲಿ ಒಟ್ಟುತ್ತಿದ್ದುದು ಹುಲ್ಲು ಸಮೇತ ಕೊಯ್ದು ತಂದ ತೆನೆ. ಹಳೆಯ ಇಂಗ್ಲಿಷಿನಲ್ಲಿ ಬೆರೆ ಅಂದರೆ ಜವೆಗೋಧಿ, ಆರ್ನ್ ಅಂದರೆ ಮನೆ. ಎರಡು ಪದ ಸೇರಿ, ಬಾಯಲ್ಲಿ ಸವೆದು ಬಾರ್ನ್ ಆಯಿತು.

ನಮ್ಮ ಕಡೆ ರಾಗಿ ಕೊಯ್ದು ಮೆದೆ ಒಟ್ಟಿ, ಆಮೇಲೆ ಬಯಲಿನಲ್ಲಿ ಸಗಣಿ ಸಾರಿಸಿದ ಕಣದ ಮೇಲೆ ಒಕ್ಕಣೆ ಮಾಡುತ್ತೇವೆ. ಅದು ಸಾಧ್ಯವಾಗುವುದು ನಮ್ಮ ಆಕಾಶದಿಂದ. ಸಂಕ್ರಾಂತಿಯ ಆಸುಪಾಸಿನಲ್ಲಿ ಮಳೆ ಬರುವುದು ಅಪರೂಪ. ಇಂಗ್ಲೆಂಡಿನಲ್ಲಿ ಗೋಧಿ ಕೊಯ್ಲು ಆಗಸ್ಟ್, ಸೆಪ್ಟೆಂಬರಿನಲ್ಲಿ. ಅದು ಮುಗಿಯುತ್ತಿದ್ದಂತೆ ಮಳೆ, ಮಂಜು, ಮಧ್ಯಾಹ್ನ ನಾಲ್ಕಕ್ಕೇ ಕತ್ತಲು. ಬಯಲಿನಲ್ಲಿ ಬಡಿಯುತ್ತ ಕೂತರೆ ಕಾಳು ಮೊಳೆತುಬಿಡುತ್ತದೆ. ಹಾಗಾಗಿ ಅವರು ಮೆದೆಯನ್ನೂ ಕಣವನ್ನೂ ಒಂದೇ ಸೂರಿನ ಕೆಳಗೆ ತಂದರು. ತೂರಲು ಗಾಳಿ ಬೇಕಲ್ಲ, ಅದನ್ನೂ ಒಳಗೆ ಕರೆದುಕೊಂಡರು.

ಹೇಗೆ ಎಂದು ಸ್ವಲ್ಪ ನಿಧಾನವಾಗಿ ನೋಡೋಣ. ಸಾಮಾನ್ಯವಾದ ಒಂದು ಬಾರ್ನ್ ತೆಗೆದುಕೊಳ್ಳಿ. ಐದು ಅಂಕಣ ಇದೆ ಎನ್ನಿ. ನಡುವಿನ ಅಂಕಣವೇ ಕಣ. ಅಲ್ಲಿ ಮಾತ್ರ ನೆಲಕ್ಕೆ ದಪ್ಪ ಓಕ್ ಹಲಗೆ ಹಾಸಿರುತ್ತಾರೆ, ಇಲ್ಲವೆ ಕಲ್ಲು ಹಾಸಿಯೋ ಮಣ್ಣು ಬಡಿದೋ ಗಟ್ಟಿ ಮಾಡಿರುತ್ತಾರೆ. ಈ ಅಂಕಣದ ಎರಡು ಕಡೆಗೂ ಎದುರುಬದುರಾಗಿ ದೊಡ್ಡ ಬಾಗಿಲು. ಎಷ್ಟೋ ಕಡೆ ಒಂದು ಬಾಗಿಲು ಎತ್ತರ, ಇನ್ನೊಂದು ಗಿಡ್ಡ. ಯಾಕೆ? ಸಿವುಡು ಹೇರಿದ ಬಂಡಿ ಎತ್ತರದ ಬಾಗಿಲಿನಿಂದ ಒಳಗೆ ಬರುತ್ತದೆ, ಹೊರೆ ಇಳಿಸಿ ಖಾಲಿಯಾದ ಬಂಡಿ ಗಿಡ್ಡ ಬಾಗಿಲಿನಿಂದ ಆಚೆ ಹೋಗುತ್ತದೆ. ಖಾಲಿ ಬಂಡಿಗೆ ಎತ್ತರದ ಬಾಗಿಲು ಯಾಕೆ ಬೇಕು? ಕಟ್ಟಡದ ಮುಖ ಹೀಗೇ ಇರಬೇಕು ಎಂದು ಯಾರೂ ನಕ್ಷೆ ಬರೆದಿರಲಿಲ್ಲ. ಬಂಡಿಯೇ ಅದನ್ನು ತೀರ್ಮಾನಿಸಿತ್ತು.

ಚಳಿಗಾಲವಿಡೀ ಕೆಲಸ. ಒಂದು ಪಕ್ಕದ ಅಂಕಣಗಳಿಂದ ಸಿವುಡು ಇಳಿಸಿ ಕಣದ ಮೇಲೆ ಹರಡುತ್ತಾರೆ. ಇಬ್ಬರು ಎದುರುಬದುರು ನಿಂತು ಸರತಿಯ ಮೇಲೆ ಬಡಿಯುತ್ತಾರೆ. ಬಡಿಗೆ ಅಂದರೆ ಒಂದು ಉದ್ದ ಕೋಲು, ಅದರ ತುದಿಗೆ ತೊಗಲಿನಿಂದ ಕಟ್ಟಿದ ಇನ್ನೊಂದು ಗಿಡ್ಡ ಕೋಲು. ಒಬ್ಬನ ಕೋಲು ಮೇಲಿದ್ದಾಗ ಇನ್ನೊಬ್ಬನದು ಕೆಳಗೆ. ತಾಳ ತಪ್ಪಿದರೆ ತಲೆಗೇ ಪೆಟ್ಟು. ಬಡಿದಾದ ಮೇಲೆ ಹುಲ್ಲನ್ನು ಎತ್ತಿ ಇನ್ನೊಂದು ಪಕ್ಕಕ್ಕೆ ಒಟ್ಟುತ್ತಾರೆ. ಎರಡೂ ಬಾಗಿಲು ತೆಗೆದರೆ ಕಟ್ಟಡದೊಳಗೆ ಗಾಳಿ ನುಗ್ಗುತ್ತದೆ, ಆ ಗಾಳಿಗೆ ಸಲಿಕೆಯಲ್ಲಿ ಎತ್ತಿ ತೂರಿದರೆ ಕಾಳು ಹಲಗೆಯ ಮೇಲೆ, ಹೊಟ್ಟು ಆಚೆ. ಹೀಗೆ ನವೆಂಬರಿನಿಂದ ವಸಂತದವರೆಗೆ ಒಂದು ಕಡೆಯ ಗುಡ್ಡ ಕರಗುತ್ತ ಇನ್ನೊಂದು ಕಡೆಯ ಗುಡ್ಡ ಬೆಳೆಯುತ್ತಿತ್ತು.

ಹುಲ್ಲಿನ ಮುಂದಿನ ದಾರಿ ನೋಡಿದರೆ ಬಾರ್ನ್ ಆಚೆಗಿನ ಅಂಗಳವೂ ಅರ್ಥವಾಗುತ್ತದೆ. ಬಹಳ ಕಡೆ ಬಾರ್ನ್ ಅಂಗಳದ ಉತ್ತರಕ್ಕಿರುತ್ತದೆ. ಅದರ ಎತ್ತರದ ಮೈ ಶೀತಗಾಳಿಯನ್ನು ತಡೆಯುತ್ತದೆ, ದಕ್ಷಿಣದ ಬಿಸಿಲು ಅಂಗಳಕ್ಕೆ ಬೀಳುತ್ತದೆ. ಚಳಿಗಾಲದಲ್ಲಿ ದನ ಅಲ್ಲೇ. ಬಾರ್ನ್‌ನ ಹುಲ್ಲನ್ನು ದನದ ಕಾಲ ಕೆಳಗೆ ಹಾಸುತ್ತಾರೆ, ಅದು ತುಳಿದು ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ, ಹೊಲದಿಂದ ಮತ್ತೆ ಸಿವುಡಾಗಿ ಬಾರ್ನ್‌ಗೆ. ಗೋಡೆಯಲ್ಲಿ ಹೊರಗೆ ಸಣ್ಣದಾಗಿ, ಒಳಗೆ ಅಗಲವಾಗಿ ಕಾಣುವ ಸೀಳುಗಳನ್ನು ನೋಡಿ ಕೆಲವರು ಬಾಣ ಬಿಡುವ ಕಿಂಡಿ ಎಂದುಕೊಳ್ಳುತ್ತಾರೆ. ಅವು ಒಟ್ಟಿದ ತೆನೆ ಬೂಷ್ಟು ಹಿಡಿಯದಂತೆ ಗಾಳಿಯಾಡಲು ಬಿಟ್ಟದ್ದು. ಕೊನೆಗೋಡೆಯ ತುದಿಯಲ್ಲಿ ಇನ್ನೊಂದು ತೂತು ಇರುತ್ತದೆ, ಗೂಬೆಗೆ. ಇಲಿ ಹಿಡಿಯುವ ಕೆಲಸಕ್ಕೆ ಅದನ್ನು ಬೇಕೆಂದೇ ಒಳಗೆ ಬಿಟ್ಟುಕೊಳ್ಳುತ್ತಿದ್ದರು. ಗೂಬೆ ಸೂರಿನಲ್ಲಿ ಕೂತರೆ ಮನೆಗೆ ಕೇಡು ಎನ್ನುವ ನಮಗೆ ಇದು ವಿಚಿತ್ರ ಅನ್ನಿಸಬಹುದು.

ಮರಗೆಲಸದ ಬಗ್ಗೆ ಮಾತಾಡದೆ ಮುಂದೆ ಹೋಗಲಾರೆ. ಎಸೆಕ್ಸ್‌ನ ಕ್ರೆಸ್ಸಿಂಗ್ ಟೆಂಪಲ್‌ನಲ್ಲಿ ಎರಡು ಬಾರ್ನ್‌ಗಳಿವೆ, ಒಂದು ಜವೆಗೋಧಿಯದು, ಇನ್ನೊಂದು ಗೋಧಿಯದು. ಎರಡೂ 13ನೇ ಶತಮಾನದವು, ಜವೆಗೋಧಿಯದು ಹಳೆಯದು. 1137ರಲ್ಲಿ ರಾಣಿ ಮಟಿಲ್ಡಾ ಟೆಂಪ್ಲರ್ ಎಂಬ ಯೋಧ ಸನ್ಯಾಸಿಗಳಿಗೆ ಉಂಬಳಿಯಾಗಿ ಕೊಟ್ಟ ನೆಲ ಅದು. ನಾನು ಮೊದಲ ಸಲ ಅಲ್ಲಿಗೆ ಹೋದದ್ದು ಸಂಜೆಯ ಹೊತ್ತು. ಓರೆ ಬಿಸಿಲು ಒಂದು ಕಂಬದ ಮೈಮೇಲೆ ಬಿದ್ದಿತ್ತು. ಮಧ್ಯಾಹ್ನದ ಬೆಳಕಿನಲ್ಲಿ ನುಣುಪಾಗಿ ಕಾಣುವ ಮರ ಆಗ ಮೀನಿನ ಹುರುಪೆಯಂತೆ ಕಂಡಿತು. ಕೊಡಲಿಯ ಒಂದೊಂದು ಏಟೂ ಬೇರೆ ಬೇರೆ. ಬೆರಳಾಡಿಸಿದರೆ ಏಟು ಯಾವ ಕಡೆಯಿಂದ ಬಿತ್ತು ಎಂದು ತಿಳಿಯುತ್ತಿತ್ತು. ಒಂದು ಗಂಟಿನ ಹತ್ತಿರ ಏಟುಗಳು ಚಿಕ್ಕದಾಗಿ, ಒತ್ತೊತ್ತಾಗಿ ಬಿದ್ದಿದ್ದವು. ಗಂಟು ಸಿಕ್ಕಿತೆಂದು ಬಡಗಿ ಅಲ್ಲಿ ಎಚ್ಚರದಿಂದ ಕೈ ಆಡಿಸಿದ್ದಾನೆ. ಎಂಟುನೂರು ವರ್ಷದ ಹಿಂದಿನ ಒಬ್ಬ ಮನುಷ್ಯನ ಆ ಒಂದು ನಿಮಿಷ ನನ್ನ ಬೆರಳ ತುದಿಯಲ್ಲಿತ್ತು. ಅದಾದ ಮೇಲೆ ನಾನು ಯಾವ ಹಳೆಯ ಕಟ್ಟಡಕ್ಕೆ ಹೋದರೂ ಬೆಳಗ್ಗೆ ಇಲ್ಲವೆ ಸಂಜೆ ಹೋಗುತ್ತೇನೆ.

ಅವರು ಓಕ್ ಮರವನ್ನು ಒಣಗಿಸಿ ಕೆಲಸ ಮಾಡುತ್ತಿರಲಿಲ್ಲ. ಒಣಗಿದ ಓಕ್ ಕಬ್ಬಿಣದಂತೆ, ಉಳಿ ಇಳಿಯುವುದಿಲ್ಲ. ಕಡಿದ ಹಸಿ ಮರವನ್ನೇ ಕೊಡಲಿ, ಬಾಚಿಯಲ್ಲಿ ಕೆತ್ತಿ, ಒಂದರ ತುದಿಯನ್ನು ನಾಲಿಗೆಯಂತೆ ಬಿಡಿಸಿ ಇನ್ನೊಂದರ ಗುಳಿಯಲ್ಲಿ ಕೂರಿಸಿ, ಅಡ್ಡಲಾಗಿ ಮರದ ಗೂಟ ಹೊಡೆಯುತ್ತಿದ್ದರು. ಗೂಟದ ತೂತುಗಳನ್ನು ನೇರಕ್ಕೆ ಕೊರೆಯದೆ ಕೂದಲೆಳೆ ಆಚೀಚೆ ಕೊರೆಯುವುದು ಅಲ್ಲಿನ ಜಾಣ್ಮೆ. ಗೂಟ ಒಳಗೆ ಹೋಗುತ್ತ ಹೋಗುತ್ತ ಎರಡೂ ಮರಗಳನ್ನು ಒಂದಕ್ಕೊಂದು ಎಳೆದು ಬಿಗಿಯುತ್ತದೆ. ಮರ ಒಣಗಿ ಕುಗ್ಗಿದರೂ ಸಂದು ಸಡಿಲವಾಗುವುದಿಲ್ಲ. ಇಡೀ ಚೌಕಟ್ಟನ್ನು ಮೊದಲು ನೆಲದ ಮೇಲೆ ಮಲಗಿಸಿ ಜೋಡಿಸಿ ನೋಡಿ, ಬಿಚ್ಚಿ, ಆಮೇಲೆ ಎತ್ತಿ ನಿಲ್ಲಿಸುವುದು. ಯಾವುದು ಎಲ್ಲಿಗೆ ಎಂದು ಮರೆಯದಿರಲು ಸಂದುಗಳ ಪಕ್ಕ ರೋಮನ್ ಅಂಕಿಗಳನ್ನು ಕೊರೆಯುತ್ತಿದ್ದರು. ಉಳಿಯಲ್ಲಿ ಸುಲಭವಾಗಿ ಬರುವುದು ನೇರ ಗೆರೆ, ರೋಮನ್ ಅಂಕಿಗಳಿಗೆ ಬೇಕಾದದ್ದೂ ಅಷ್ಟೇ.

ಇಂಥ ಬಾರ್ನ್‌ಗಳಲ್ಲಿ ಎಷ್ಟೋ ಸಲ ಕಂಬಗಳು ತಲೆಕೆಳಗಾಗಿ ನಿಂತಿರುತ್ತವೆ. ಬೇರಿನ ಕಡೆ ಮೇಲೆ, ಕೊಂಬೆಯ ಕಡೆ ಕೆಳಗೆ. ಕಂಬದ ತಲೆಯ ಮೇಲೆ ಉದ್ದದ ತೊಲೆ, ಅಡ್ಡ ತೊಲೆ ಎರಡೂ ಬಂದು ಕೂರಬೇಕು, ಅದಕ್ಕೆ ಅಗಲ ಬೇಕು. ಮರದಲ್ಲಿ ದಪ್ಪ ಇರುವುದು ಬುಡದಲ್ಲಿ. ಹಾಗಾಗಿ ಮರವನ್ನೇ ತಿರುಗಿಸಿ ನಿಲ್ಲಿಸಿದರು. ಈ ಸಂದುಗಳನ್ನು ಅಕ್ಷರದಂತೆ ಓದಿದವರು ಹಳೆಯ ಮರಗೆಲಸದ ಚರಿತ್ರೆ ಬರೆದ ಸೆಸಿಲ್ ಹ್ಯೂಯೆಟ್. ಒಂದೊಂದು ಕಾಲದ ಬಡಗಿ ಒಂದೊಂದು ಬಗೆಯ ಸಂದು ಹಾಕುತ್ತಿದ್ದ, ಅದರಿಂದಲೇ ಕಟ್ಟಡದ ವಯಸ್ಸು ಹೇಳಬಹುದು ಎಂದು 1960ರ ದಶಕದಲ್ಲಿ ಅವರು ವಾದಿಸಿದರು. ಕ್ರೆಸ್ಸಿಂಗ್‌ನ ಬಾರ್ನ್‌ಗಳು ಬಹಳ ಹಳೆಯವು ಎಂಬುದನ್ನು ಮುಂದೆ ಮರದ ಉಂಗುರಗಳ ಎಣಿಕೆಯೂ ಖಚಿತಪಡಿಸಿತು.

ದೊಡ್ಡ ಬಾರ್ನ್ ಕಂಡಲ್ಲೆಲ್ಲ ಪ್ರವಾಸಿ ಫಲಕಗಳು ಅದನ್ನು ಟೈದ್ ಬಾರ್ನ್ ಎನ್ನುತ್ತವೆ. ಟೈದ್ ಅಂದರೆ ಚರ್ಚಿಗೆ ಕೊಡಬೇಕಿದ್ದ ಬೆಳೆಯ ಹತ್ತನೇ ಒಂದು ಪಾಲು. ಅಂಥ ಬಾರ್ನ್‌ಗಳು ನಿಜವಾಗಿಯೂ ಇದ್ದವು. ಆದರೆ ಹೆಸರು ಹೊತ್ತ ಅನೇಕವು ಮಠಗಳ ಸ್ವಂತ ಜಮೀನಿನ ಉಗ್ರಾಣಗಳು. ಆಕ್ಸ್‌ಫರ್ಡ್‌ಶೈರ್‌ನ ಗ್ರೇಟ್ ಕಾಕ್ಸ್‌ವೆಲ್ ಅಂಥದ್ದು. 1292ರ ಸುಮಾರಿನದು, 152 ಅಡಿ ಉದ್ದ, ಬ್ಯೂಲಿ ಮಠದ ಸಿಸ್ಟರ್ಶಿಯನ್ ಎಂಬ ಪಂಥದ ಸನ್ಯಾಸಿಗಳದ್ದು. ಹತ್ತಿರದ ಕೆಲ್ಮ್‌ಸ್ಕಾಟ್‌ನಲ್ಲಿದ್ದ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್‌ಗೆ ಇದೆಂದರೆ ಪ್ರಾಣ. ಹಳೆಯ ಕಟ್ಟಡಗಳನ್ನು ಹೊಸದಾಗಿ ಮಾಡಬೇಡಿ, ಇದ್ದಂತೆ ಕಾಪಾಡಿ ಎಂದು 1877ರಲ್ಲಿ ಸಂಘ ಕಟ್ಟಿದವರು ಅವರೇ. ವಿಲ್ಟ್‌ಶೈರ್‌ನ ಬ್ರಾಡ್‌ಫರ್ಡ್‌ನಲ್ಲಿರುವುದು ಶಾಫ್ಟ್ಸ್‌ಬರಿ ಮಠದ ಸನ್ಯಾಸಿನಿಯರದ್ದು, 168 ಅಡಿ ಉದ್ದ, ಗೋಡೆಯಿಂದ ಮಾಡಿನವರೆಗೆ ಕಲ್ಲೇ ಹೊದ್ದಿದೆ.

ಬಾರ್ನ್ ಒಂದೇ ಅಲ್ಲ, ಒಕ್ಕಲು ಮನೆಯ ಸುತ್ತ ಒಂದು ಸಂಸಾರವೇ ಇರುತ್ತಿತ್ತು. ಹಸನಾದ ಕಾಳಿಗೆ ಬೇರೆ ಕಣಜ. ಅದನ್ನು ಅಣಬೆಯಾಕಾರದ ಕಲ್ಲುಗಳ ಮೇಲೆ ಎತ್ತಿ ನಿಲ್ಲಿಸುತ್ತಿದ್ದರು. ಇಲಿ ಕಾಂಡ ಹತ್ತಬಹುದು, ಕೊಡೆಯ ಕೆಳಮೈ ಹಿಡಿದು ತಲೆಕೆಳಗಾಗಿ ದಾಟಲಾರದು. ಈ ಕಲ್ಲುಗಳನ್ನು ಈಗ ಮನೆ ತೋಟದಲ್ಲಿ ಅಲಂಕಾರಕ್ಕೆ ಇಡುತ್ತಾರೆ. ಬಂಡಿಗಳ ಕೊಟ್ಟಿಗೆಗೆ ಮುಂದೆ ಗೋಡೆಯಿಲ್ಲ, ಮುಖ ಹೆಚ್ಚಾಗಿ ಉತ್ತರಕ್ಕೆ. ಬಿಸಿಲು ತಾಗಿದರೆ ಬಂಡಿಯ ಮರ ಬಿರಿಯುತ್ತದೆ ಎಂದು. ಡೆವನ್‌ನಲ್ಲಿ ಹುಲ್ಲು ಕಲಸಿದ ಕೆಸರುಮಣ್ಣಿನ ಗೋಡೆ. ಅದಕ್ಕೆ ಒಳ್ಳೆಯ ಟೋಪಿ, ಒಳ್ಳೆಯ ಬೂಟು ಇದ್ದರೆ ಸಾಕು ಎಂದು ಅಲ್ಲಿಯವರು ಹೇಳುತ್ತಾರೆ. ಅಂದರೆ ಸೂರು ಚಾಚಿರಬೇಕು, ಬುಡಕ್ಕೆ ಕಲ್ಲು ಇರಬೇಕು. ಮಣ್ಣಿನ ಗೋಡೆಯ ಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ.

ಕೆಂಟ್ ಕಡೆ ರೈಲಿನಲ್ಲಿ ಹೋದರೆ ಕಿಟಕಿಯಾಚೆ ಇಟ್ಟಿಗೆಯ ದುಂಡನೆಯ ಗೋಪುರಗಳು, ಮೇಲೆ ಶಂಕುವಿನ ಮಾಡು, ತುದಿಯಲ್ಲಿ ಓರೆಯಾದ ಬಿಳಿ ಟೋಪಿ ಕಾಣುತ್ತವೆ. ಅವು ಓಸ್ಟ್ ಹೌಸ್. ಬಿಯರಿಗೆ ಕಹಿ ಕೊಡುವ ಹಾಪ್ ಹೂಗಳನ್ನು ಒಣಗಿಸುವ ಗೂಡು. ಕೆಳಗೆ ಹೊಗೆ ಕಡಿಮೆಯಿರುವ ಇದ್ದಿಲಿನ ಬೆಂಕಿ, ಮೇಲೆ ಸಂದು ಬಿಟ್ಟು ಜೋಡಿಸಿದ ಪಟ್ಟಿಗಳ ಅಟ್ಟ, ಅದರ ಮೇಲೆ ಕುದುರೆ ಕೂದಲಿನ ಬಟ್ಟೆ, ಬಟ್ಟೆಯ ಮೇಲೆ ಹಸಿ ಹೂ. ಬಿಸಿಗಾಳಿ ಹೂವಿನ ನಡುವೆ ನುಸುಳಿ ತುದಿಯ ಟೋಪಿಯಿಂದ ಆಚೆ ಹೋಗಬೇಕು. ಟೋಪಿಗೆ ಒಂದು ಬಾಲವಿದೆ, ಗಾಳಿ ಬೀಸಿದತ್ತ ತಿರುಗಿ ಟೋಪಿಯ ಬಾಯನ್ನು ಸದಾ ಗಾಳಿಗೆ ಬೆನ್ನಾಗಿಸುತ್ತದೆ. ಮಳೆ ಒಳಗೆ ಹೊಡೆಯುವುದಿಲ್ಲ, ಒಳಗಿನ ಹಬೆಯನ್ನು ಹೊರಗಿನ ಗಾಳಿಯೇ ಸೆಳೆದುಕೊಳ್ಳುತ್ತದೆ. 19ನೇ ಶತಮಾನದ ಆರಂಭದಲ್ಲಿ ದುಂಡನೆಯ ಗೂಡಿನಲ್ಲಿ ಶಾಖ ಸಮವಾಗಿ ಹರಡುತ್ತದೆಂದು ನಂಬಿ ಹೀಗೆ ಕಟ್ಟಿದರು, ಆಮೇಲೆ ಚೌಕಕ್ಕೇ ಮರಳಿದರು.

ಯಾರ್ಕ್‌ಶೈರ್‌ನ ಸ್ವೇಲ್‌ಡೇಲ್ ಕಣಿವೆಯದು ಇದಕ್ಕೆ ಪೂರ್ತಿ ಬೇರೆ. ಅಲ್ಲಿ ಕಟ್ಟಡ ಒಕ್ಕಲು ಮನೆಯ ಹತ್ತಿರವಿಲ್ಲ, ಒಂದೊಂದು ಹುಲ್ಲುಗಾವಲಿಗೆ ಒಂದೊಂದರಂತೆ ಹೊಲದಲ್ಲೇ ಇದೆ. ಮಣ್ಣು ಸೇರಿಸದ ಒಣಕಲ್ಲಿನ ಬೇಲಿಗಳ ನಡುವೆ ಸಣ್ಣ ಕಲ್ಲಿನ ಮನೆಗಳು. ಕೆಳಗೆ ನಾಲ್ಕಾರು ದನ, ಪಕ್ಕದಲ್ಲಿ, ಅಟ್ಟದಲ್ಲಿ ಅದೇ ಗಾವಲಿನ ಒಣಹುಲ್ಲು. ಹುಲ್ಲನ್ನು ಮನೆಗೆ ಹೊರುವುದರ ಬದಲು ದನವನ್ನೇ ಹುಲ್ಲಿನ ಹತ್ತಿರ ಇಟ್ಟರು. ಬಿದ್ದ ಸಗಣಿ ಅದೇ ಗಾವಲಿಗೆ. ಹೊರಬೇಕಾದವನು ಮನುಷ್ಯ ಒಬ್ಬನೇ. ಹಿಮದಲ್ಲೂ ದಿನಕ್ಕೆರಡು ಸಲ ಹಾಲಿನ ಪಾತ್ರೆ ಹೊತ್ತು ಹತ್ತಿ ಇಳಿಯಬೇಕಿತ್ತು. ಆ ಕಣಿವೆಯ ಚೆಲುವನ್ನು ಹೊಗಳುವಾಗ ಆ ನಡಿಗೆಯನ್ನು ನಾನು ಮರೆಯಲಾರೆ.

ಕಣಕ್ಕೆ ಮರಳೋಣ. 1786ರ ಸುಮಾರಿಗೆ ಸ್ಕಾಟ್ಲೆಂಡಿನ ಆಂಡ್ರ್ಯೂ ಮೀಕಲ್ ಒಕ್ಕಣೆ ಯಂತ್ರ ರೂಪಿಸಿದ. ಕುದುರೆಗಳು ಸುತ್ತು ಹಾಕಿ ಅದನ್ನು ತಿರುಗಿಸುತ್ತಿದ್ದವು. ಕುದುರೆಗೆ ನೆರಳು ಬೇಕೆಂದು ಉತ್ತರ ಇಂಗ್ಲೆಂಡಿನ ಬಾರ್ನ್‌ಗಳ ಬೆನ್ನಿಗೆ ದುಂಡನೆಯ ಕಟ್ಟಡಗಳು ಅಂಟಿಕೊಂಡವು. ಅವು ಇಂದಿಗೂ ಇವೆ. ಆ ದುಂಡು ಕಟ್ಟಡ ನೋಡಿದಾಗ ನನಗೆ ಯಂತ್ರಕ್ಕಿಂತ ಮೊದಲು ನೆನಪಾಗುವುದು 1830. ಯಂತ್ರ ಬಂದ ಮೇಲೆ ಬಡಿಯುವವರಿಗೆ ಚಳಿಗಾಲದ ಕೂಲಿ ಹೋಯಿತು. ಬೇರೆ ಕೆಲಸವಿಲ್ಲದ ತಿಂಗಳುಗಳಲ್ಲಿ ಅವರ ಮನೆಯ ಒಲೆ ಉರಿಯುತ್ತಿದ್ದುದು ಆ ಕಣದಿಂದ. 1830ರ ಆಗಸ್ಟಿನಲ್ಲಿ ಕೆಂಟ್‌ನ ಲೋವರ್ ಹಾರ್ಡ್ರೆಸ್‌ನಲ್ಲಿ ಕೂಲಿಗಳು ಒಂದು ಯಂತ್ರ ಒಡೆದರು. ಅದು ದಕ್ಷಿಣ ಇಂಗ್ಲೆಂಡಿಗೆಲ್ಲ ಹಬ್ಬಿತು. ಬೆದರಿಕೆ ಪತ್ರಗಳಿಗೆ ಕ್ಯಾಪ್ಟನ್ ಸ್ವಿಂಗ್ ಎಂದು ರುಜು, ಅಂಥ ವ್ಯಕ್ತಿ ಯಾರೂ ಇರಲಿಲ್ಲ. 19 ಮಂದಿಯನ್ನು ಗಲ್ಲಿಗೇರಿಸಿದರು, ಸುಮಾರು 500 ಮಂದಿಯನ್ನು ಆಸ್ಟ್ರೇಲಿಯಾದ ಕಡೆ ಗಡೀಪಾರು ಮಾಡಿದರು. ಕಟ್ಟಡದ ಚರಿತ್ರೆ ಹೇಳುವಾಗ ಇದನ್ನು ಬಿಟ್ಟರೆ ಹೇಳಿದಂತಾಗುವುದಿಲ್ಲ.

ಈಗ ಕೊಯ್ಲು, ಒಕ್ಕಣೆ ಎರಡನ್ನೂ ಹೊಲದಲ್ಲೇ ಒಂದು ಯಂತ್ರ ಮಾಡಿ ಮುಗಿಸುತ್ತದೆ. ಅದು ಬಾರ್ನ್‌ನ ಬಾಗಿಲಲ್ಲಿ ತೂರುವುದೂ ಇಲ್ಲ. ಕೆಲಸ ಹೋದ ಕಟ್ಟಡವನ್ನು ಏನು ಮಾಡುವುದು? ಹಾರ್ಮಂಡ್ಸ್‌ವರ್ತ್‌ನದು ಖಾಸಗಿ ಒಡೆತನದಲ್ಲಿ ಸೊರಗಿ, 2012ರಲ್ಲಿ ಹಳೆಯ ಕಟ್ಟಡಗಳನ್ನು ಕಾಪಾಡುವ ಇಂಗ್ಲಿಷ್ ಹೆರಿಟೇಜ್ ಎಂಬ ಸಂಸ್ಥೆ ಅದನ್ನು 20,000 ಪೌಂಡಿಗೆ ಕೊಂಡುಕೊಂಡಿತು. ಅಷ್ಟು ಅದೃಷ್ಟ ಎಲ್ಲಕ್ಕೂ ಇಲ್ಲ. 2014ರಿಂದ, ರಕ್ಷಿತ ಪಟ್ಟಿಯಲ್ಲಿಲ್ಲದ ಒಕ್ಕಲು ಕಟ್ಟಡಗಳನ್ನು ಮನೆ ಮಾಡಿಕೊಳ್ಳಲು ಇಂಗ್ಲೆಂಡಿನ ನಿಯಮ ಸಡಿಲವಾಗಿದೆ. ಸೂರಿನ ಮೇಲೆ ಮಳೆ ಬಿದ್ದು ಕುಸಿಯುವುದಕ್ಕಿಂತ ಯಾರಾದರೂ ವಾಸಿಸಲಿ ಎಂಬುದನ್ನು ಒಪ್ಪುತ್ತೇನೆ. ಆದರೆ ಮನೆಗೆ ಮಹಡಿ ಬೇಕು, ಮಲಗುವ ಕೋಣೆ ಬೇಕು, ಕಿಟಕಿ ಬೇಕು. ಆ ಎತ್ತರದ ಖಾಲಿ ಜಾಗವನ್ನು ಅಡ್ಡಡ್ಡ ಕತ್ತರಿಸಿದ ಕೂಡಲೇ ಕಂಬ, ತೊಲೆ ಎಲ್ಲ ಇದ್ದೂ ಬಾರ್ನ್ ಇಲ್ಲದಂತಾಗುತ್ತದೆ. ನಾಟಕಕ್ಕೆ, ಸಂತೆಗೆ, ಮದುವೆಗೆ ಕೊಟ್ಟ ಬಾರ್ನ್‌ಗಳು ಎಷ್ಟೋ ವಾಸಿ. ಅಲ್ಲಿ ಜಾಗ ಇಡಿಯಾಗಿ ಉಳಿಯುತ್ತದೆ, ತುಂಬುತ್ತದೆ, ಖಾಲಿಯಾಗುತ್ತದೆ.

ಮಾತು ಮುಗಿದ ಮೇಲೆ ಒಬ್ಬ ಹುಡುಗಿ ಕೇಳಿದಳು: ಸರ್, ಮನೆಯಾಗಿ ಬದಲಾದ ಕಟ್ಟಡದಲ್ಲಿ ಕಣ ಎಲ್ಲಿತ್ತು ಅಂತ ಕಂಡುಹಿಡಿಯುವುದು ಹೇಗೆ?

ಬಾಗಿಲಿನ ಹತ್ತಿರ ಮಂಡಿಯೂರಿ ಕೂರಬೇಕಮ್ಮ ಎಂದೆ. ಸಾಮರ್‌ಸೆಟ್‌ನಲ್ಲಿ ಗೆಳೆಯರೊಬ್ಬರು ಅಂಥ ಮನೆ ಕೊಂಡಿದ್ದಾರೆ. ದೊಡ್ಡ ಬಾಗಿಲಿದ್ದ ಕಡೆ ಈಗ ನೆಲದಿಂದ ಸೂರಿನವರೆಗೆ ಗಾಜು. ಗಾಜಿನ ಎರಡೂ ಪಕ್ಕ ಹಳೆಯ ಬಾಗಿಲುಕಂಬಗಳು ಹಾಗೇ ಇವೆ. ಬುಡದಲ್ಲಿ, ನೆಲದಿಂದ ಸುಮಾರು ಎರಡಡಿ ಎತ್ತರದವರೆಗೆ, ಎದುರುಬದುರಾಗಿ ಕಾಲುವೆಯಂತೆ ಎರಡು ಜಾಡು ಕೊರೆದಿದೆ. ಬಡಿಯುವಾಗ ಕಾಳು ಸಿಡಿದು ಆಚೆ ಹೋಗದಂತೆ, ಅಂಗಳದ ಕೋಳಿ ಹಂದಿ ಒಳಗೆ ನುಗ್ಗದಂತೆ, ಆ ಜಾಡಿನಲ್ಲಿ ಒಂದು ಹಲಗೆ ಇಳಿಬಿಡುತ್ತಿದ್ದರು. ಬಂಡಿ ಬಂದಾಗ ಎತ್ತಿ ತೆಗೆಯುವುದು, ಹೋದ ಮೇಲೆ ಮತ್ತೆ ಇಳಿಸುವುದು. ಎತ್ತಿ ಇಳಿಸಿ ಎತ್ತಿ ಇಳಿಸಿ ಜಾಡಿನ ಒಳಮೈ ಗಾಜಿನಂತೆ ನುಣುಪಾಗಿದೆ. ನಾನು ಹೋದಾಗ ಅವರ ಮೂರು ವರ್ಷದ ಮಗ ಅದರೊಳಗೆ ಬೆರಳಿಟ್ಟು ಮೇಲಿಂದ ಕೆಳಗೆ ಎಳೆಯುತ್ತ ಕೂತಿದ್ದ.